ಟರ್ಬೊ ಬರುವ ತನಕ

ನಂಜುಂಡೇಶ ಊಟಿಯ ಕಮರ್ಷಿಯಲ್ ರೋಡಿನಲ್ಲಿ ತಲೆಯೆತ್ತಿ ನಡೆದು ವರ್ಷದ ಮೇಲಾಗಿತ್ತು. ಅವನೇನು ಕಳ್ಳನಲ್ಲ, ಕುಡುಕನಲ್ಲ, ಇನ್ನೊಬ್ಬರ ಮನೆಯ ತಂಟೆಗೆ ಹೋದವನೂ ಅಲ್ಲ. ಗಾಡಿ ಮಾರುವವನು, ಅಷ್ಟೆ. ಆದರೂ ಚೇರಿಂಗ್ ಕ್ರಾಸಿನಿಂದ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಸೊಪ್ಪು ತರಬೇಕೆಂದರೆ ಆ ಮಹಾರಾಯ ಮಫ್ಲರನ್ನು ಮೂಗಿನ ತನಕ ಎಳೆದುಕೊಂಡು, ಹಿಂದಿನ ಮೆಟ್ಟಿಲ ಓಣಿಗಳಲ್ಲಿ ಇಳಿದು ಹತ್ತಿ, ಏದುಸಿರು ಬಿಡುತ್ತ ಸುತ್ತಿ ಬರುತ್ತಿದ್ದ. ನೇರ ರಸ್ತೆಯಲ್ಲಿ ಹೋದರೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಿಕ್ಕವರು ಹೆಂಡತಿ ಮಕ್ಕಳ ಕ್ಷೇಮ ಕೇಳುವುದಿಲ್ಲ, ಮಳೆ ಬೆಳೆ ಕೇಳುವುದಿಲ್ಲ. ಟರ್ಬೊ ಬಂತೇ ಎಂದು ಕೇಳುತ್ತಾರೆ. ಬಂದಿದ್ದರೆ ತಾನೆ ಹೇಳುವುದು!

ಕೊಯಮತ್ತೂರಿನ ದೊಡ್ಡ ಡೀಲರೊಬ್ಬರು ಊಟಿಯಲ್ಲಿ ತೆರೆದಿದ್ದ ಚಿಕ್ಕ ಶೋರೂಮಿಗೆ ಅವನು ಮ್ಯಾನೇಜರು. ಮ್ಯಾನೇಜರೆಂದರೆ ಬಾಗಿಲು ತೆಗೆಯುವುದು, ಗಾಡಿ ತೋರಿಸುವುದು, ಗಿರಾಕಿಗೆ ಟೀ ತರಿಸುವುದು, ಆಮೇಲೆ ಅದೇ ಗಿರಾಕಿಯಿಂದ ಬೈಸಿಕೊಳ್ಳುವುದು, ಎಲ್ಲ ಅವನ ಪಾಲಿಗೇ. ಜೊತೆಗೆ ಪುಷ್ಪಾ ಎಂಬ ಹುಡುಗಿ. ಬಿಲ್ಲು, ಫೋನು ನೋಡಿಕೊಳ್ಳುವವಳು. ಎರಡು ಸಾವಿರದ ಆರನೇ ಇಸವಿಯ ಸುಮಾರಿಗೆ ಅವಳೂ ಚೆನ್ನಾಗಿ ಪಳಗಿಬಿಟ್ಟಿದ್ದಳು. ಬಾಗಿಲಲ್ಲಿ ಯಾರದೋ ನೆರಳು ಕಂಡರೆ ಸಾಕು, ಸಾರ್ ಊಟಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು, ಬೆಳಗಿನ ಹೊತ್ತಾದರೂ.

ನಂಜುಂಡೇಶ ಹುಟ್ಟಿದ್ದು ಗುಂಡ್ಲುಪೇಟೆ ಕಡೆಯ ಬೇಗೂರಿನಲ್ಲಿ. ಬಿ.ಕಾಂ. ಮುಗಿಸಿಕೊಂಡು ಚಿಕ್ಕಪ್ಪನ ಗೊಬ್ಬರದಂಗಡಿಗೆಂದು ಬೆಟ್ಟ ಹತ್ತಿದ. ಗೊಬ್ಬರದ ಲಾರಿಯಲ್ಲಿ ಕೂತು ನಂಜನಾಡು, ಸೋಲೂರು ಕಡೆಯ ಹಟ್ಟಿಗಳನ್ನೆಲ್ಲ ಸುತ್ತಿದ. ಹಟ್ಟಿಯೆಂದರೆ ನೀಲಗಿರಿಯ ಬೇಸಾಯಗಾರ ಬಡಗರ ಊರು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಮುಂದೆ ಅಂಗಳ, ಸುತ್ತ ಟೀ ಗಿಡ, ಕೆಳಗೆ ಕ್ಯಾರೆಟ್ಟು ಆಲೂಗೆಡ್ಡೆ. ಅವರು ಯಾರು ಎಂಬುದಕ್ಕೆ ಆರು ಎನ್ನುತ್ತ ಬಡಗದಲ್ಲಿ ಮಾತಾಡುತ್ತಿದ್ದರು, ಇವನು ಬೇಗೂರಿನ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ, ಎರಡು ಭಾಷೆಗೂ ಜಗಳ ಬರಲಿಲ್ಲ. ಯಾರ ಮನೆಯಲ್ಲಿ ಮದುವೆ, ಯಾರಿಗೆ ಕಾಲುನೋವು, ಯಾರ ಹಸು ಕರು ಹಾಕಿತು, ಎಲ್ಲ ಗೊತ್ತಿತ್ತು. ಈ ಬಳಕೆಯ ಮೇಲೆಯೇ ಡೀಲರು ಕಣ್ಣಿಟ್ಟು ಅವನನ್ನು ಗೊಬ್ಬರದಂಗಡಿಯಿಂದ ಎಳೆದುಕೊಂಡದ್ದು. ಹಟ್ಟಿಯವರು ಕಂಪನಿಯನ್ನು ನೋಡಿ ಗಾಡಿ ಕೊಳ್ಳುವುದಿಲ್ಲ, ಆಳನ್ನು ನೋಡಿ ಕೊಳ್ಳುತ್ತಾರೆ ಎಂದು ಆ ವ್ಯಾಪಾರಿಗೆ ಚೆನ್ನಾಗಿ ತಿಳಿದಿತ್ತು.

ಗಾಡಿಯ ವಿಷಯ ಹೇಳದಿದ್ದರೆ ಇವನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಆಗ ಹೊಸದಾಗಿ ಬಂದಿದ್ದ ಗಾಡಿ ಅದು. ಒಳಗೆ ಕೂತರೆ ಕಾರು, ಹೊರಗೆ ನಿಂತು ನೋಡಿದರೆ ಜೀಪು. ಅದರಲ್ಲಿ ಮೂರು ಮಾಡೆಲ್. ಕೆಳಗಿನದಕ್ಕೂ ನಡುವಿನದಕ್ಕೂ ಸಾದಾ ಡೀಸೆಲ್ ಇಂಜಿನ್ನು. ಟರ್ಬೊ ಇದ್ದದ್ದು ಎಲ್ಲಕ್ಕಿಂತ ಮೇಲಿನ ಮಾಡೆಲ್ಲಿಗೆ ಮಾತ್ರ. ಬಯಲಿನವರಿಗೆ ಟರ್ಬೊ ಎಂದರೆ ಗಾಡಿಯ ಬೆನ್ನಿಗೆ ಅಂಟಿಸುವ ಹೊಳೆಯುವ ಅಕ್ಷರ. ಬೆಟ್ಟದವರಿಗೆ ಹಾಗಲ್ಲ. ಏಳು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ ಸಾದಾ ಇಂಜಿನ್ನಿಗೆ ಉಬ್ಬಸ ಬರುತ್ತದೆ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತುವಾಗ ತಿರುವು ತಿರುವಿಗೂ ಮೊದಲ ಗೇರಿಗೆ ಇಳಿದು, ಕಪ್ಪು ಹೊಗೆ ಕಾರಿ, ಇನ್ನೇನು ಹಿಂದಕ್ಕೆ ಜಾರಿಬಿಡುತ್ತೇನೆ ಎಂದು ಹೆದರಿಸುತ್ತದೆ. ಟರ್ಬೊ ಇದ್ದರೆ ಅದು ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ಉಣಿಸುತ್ತದೆ, ಏರು ಏರೇ ಅಲ್ಲ. ಹಾಗಾಗಿ ನೀಲಗಿರಿಯಲ್ಲಿ ಬಡವ ಬಲ್ಲಿದ ಎಲ್ಲರೂ ಕೇಳಿದ್ದು ಮೇಲಿನ ಮಾಡೆಲ್ಲನ್ನೇ.

ಆ ಮಾಡೆಲ್ಲೇ ಸಿಗುತ್ತಿರಲಿಲ್ಲ. ಕಾರ್ಖಾನೆಯವರು ಮಾಡುತ್ತಿದ್ದದ್ದೇ ಕಡಿಮೆ, ಮಾಡಿದ್ದು ಕೊಯಮತ್ತೂರು ದಾಟುತ್ತಿರಲಿಲ್ಲ. ಅಲ್ಲಿನ ಮಿಲ್ಲು ಧಣಿಗಳು ತಟ್ಟೆಯ ಹಾಗಿರುವ ರಸ್ತೆಯಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುವುದಕ್ಕೆ ಟರ್ಬೊ ತೆಗೆದುಕೊಂಡರು. ಬೆಟ್ಟಕ್ಕೆ ಬರುತ್ತಿದ್ದದ್ದು ಕೆಳಗಿನ ಮಾಡೆಲ್ಲಿನ ಬಿಳಿ ಗಾಡಿಗಳು. ಗಾಡಿ ಹೇರಿಕೊಂಡು ಬರುವ ಉದ್ದನೆಯ ಲಾರಿ ಘಾಟಿಯ ತಿರುವುಗಳಲ್ಲಿ ತಿರುಗುವುದಿಲ್ಲ, ಬೆಟ್ಟದ ಬುಡದ ಮೇಟ್ಟುಪಾಳಯದಲ್ಲಿ ಇಳಿಸಿ ಒಂದೊಂದನ್ನೂ ಡ್ರೈವರುಗಳು ಓಡಿಸಿಕೊಂಡೇ ಮೇಲೆ ತರಬೇಕು. ಕೆಳಗಿನಿಂದ ಗಾಡಿ ಹೊರಟಿದೆ ಎಂದು ಫೋನು ಬಂದಾಗಲೆಲ್ಲ ನಂಜುಂಡೇಶ ರಸ್ತೆಗೆ ಬಂದು ಕತ್ತು ಚಾಚಿ ನಿಲ್ಲುತ್ತಿದ್ದ. ಬಿಳಿ ಬಣ್ಣ ಕಂಡ ಕೂಡಲೇ ಒಳಗೆ ಹೋಗಿ ಕೂತುಬಿಡುತ್ತಿದ್ದ.

ಇಡೀ ಊಟಿಗೆ ಇದ್ದದ್ದು ಒಂದೇ ಒಂದು ಟರ್ಬೊ. ಅದೂ ಶೋರೂಮಿನ ಗಾಜಿನ ಹಿಂದೆ, ಕೆಂಪಗೆ, ಮಿರಮಿರ ಮಿಂಚುತ್ತ, ಜನ ನೋಡಲೆಂದು ನಿಲ್ಲಿಸಿದ್ದು. ಅದನ್ನು ಮಾರುವಂತಿಲ್ಲ. ದಾರಿಯಲ್ಲಿ ಹೋಗುವವರು ಒಳಗೆ ಬಂದು ಕೂತು, ಸ್ಟೇರಿಂಗು ಸವರಿ, ಹೊಸ ಸೀಟಿನ ವಾಸನೆ ಎಳೆದುಕೊಂಡು, ಇಂಥದ್ದೇ ನನಗೂ ಬೇಕೆಂದು ಬುಕ್ ಮಾಡುತ್ತಿದ್ದರು. ಬುಕ್ ಮಾಡಿಸುವುದರಲ್ಲಿ ನಂಜುಂಡೇಶ ಎತ್ತಿದ ಕೈ. ಹಾಳಾದ್ದು, ಅದೇ ಅವನ ಕುತ್ತಿಗೆಗೆ ಬಂತು.

ಅವನ ಹೆಂಡತಿ ವೀಣಾ ನಂಜನಗೂಡಿನ ಹತ್ತಿರ ಸರ್ಕಾರಿ ಶಾಲೆಯ ಮೇಡಂ. ಕರ್ನಾಟಕ ಸರ್ಕಾರದ ಕೆಲಸ, ಗಡಿ ದಾಟಿ ತಮಿಳುನಾಡಿಗೆ ವರ್ಗ ಆಗುವಂಥದ್ದಲ್ಲ, ಬಿಡುವಂಥದ್ದೂ ಅಲ್ಲ. ಮಗಳು ಚಿನ್ನಿಗೆ ಆರು ವರ್ಷ. ಶನಿವಾರ ಸಂಜೆ ಬಸ್ಸು ಹತ್ತಿ ಕಾಡು ದಾಟಿ ಹೋದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸು. ಸೀಸನ್ನಿನಲ್ಲಿ ಆ ಶನಿವಾರವೂ ಇಲ್ಲ. ಪಕ್ಕದ ಮನೆಯ ಮಕ್ಕಳ ಹತ್ತಿರ ಚಿನ್ನಿ ಇವನನ್ನು ನಮ್ಮ ಊಟಿ ಅಪ್ಪ ಎನ್ನುತ್ತಿದ್ದಳಂತೆ, ಬೇರೆ ಊರಲ್ಲಿ ಬೇರೆ ಅಪ್ಪಂದಿರೂ ಇರುವ ಹಾಗೆ. ವೀಣಾ ಅದನ್ನು ನಗುತ್ತ ಹೇಳಿದಳು. ಇವನು ನಗಲು ಹೋಗಿ ಆಗದೆ, ಎದ್ದು ಹೋಗಿ ಸುಮ್ಮನೆ ಮುಖ ತೊಳೆದುಕೊಂಡ.

ಹಾಗಿರುವಾಗ ಆ ವರ್ಷ ಮೈಸೂರಿನಲ್ಲಿ ಹೊಸ ಶೋರೂಂ ತೆರೆಯುವ ಸುದ್ದಿ ಬಂತು. ಕನ್ನಡ ಬಲ್ಲ ಮ್ಯಾನೇಜರು ಬೇಕು. ನಂಜುಂಡೇಶ ಕೊಯಮತ್ತೂರಿಗೆ ಓಡಿಹೋಗಿ ಧಣಿ ರಾಜೇಂದ್ರನ್ ಮುಂದೆ ಕೈಕಟ್ಟಿ ನಿಂತ. ಎಲ್ಲರೂ ಮುದಲಾಳಿ ಎಂದು ಕರೆಯುತ್ತಿದ್ದ ರಾಜೇಂದ್ರನ್ ಕೆಟ್ಟವನೇನಲ್ಲ, ವ್ಯಾಪಾರಿ. ಆಗಲಿ, ಜೂನಿನಿಂದ ಮೈಸೂರು ನಿನಗೇ, ಆದರೆ ನಿನ್ನ ಕೈಯಲ್ಲಿ ಬರೆಸಿಕೊಂಡ ಟರ್ಬೊ ಬುಕಿಂಗು ಒಂದೂ ಬಾಕಿ ಇರಬಾರದು ಎಂದ. ನೀನು ಮಾತು ಕೊಟ್ಟು ಹೋದರೆ ಆ ಬೆಟ್ಟದ ಜನಕ್ಕೆ ಉತ್ತರ ಹೇಳುವವರು ಯಾರು, ಅವರು ನನ್ನ ಮುಖ ನೋಡಿದ್ದಾರೆಯೇ? ಒಂದು ಬಾಕಿ ಇದ್ದರೂ ಬೇರೆಯವನು ಹೋಗುತ್ತಾನೆ ಎಂದೂ ಸೇರಿಸಿದ. ರಾಜೀನಾಮೆ ಬಿಸಾಡಿ ಹೋಗೋಣವೆಂದರೆ ಇವನ ಬಿ.ಕಾಂ. ಸರ್ಟಿಫಿಕೇಟಿನ ಅಸಲು ಕೆಲಸಕ್ಕೆ ಸೇರಿದ ದಿನದಿಂದ ಮುದಲಾಳಿಯ ಬೀರುವಿನಲ್ಲಿ ಭದ್ರವಾಗಿತ್ತು. ಆ ಕಡೆ ಹಾಗೆಯೇ ಪದ್ಧತಿ, ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಸರಿ, ಮಾರಿದವನೇ ಈಗ ಬೇಡ ಅನ್ನಿಸಲು ಹೊರಟ. ಹಬ್ಬಿಸಿದ ಬಳ್ಳಿಯನ್ನು ಅದೇ ಕೈಯಿಂದ ಬಿಡಿಸುವ ಕೆಲಸ. ಮಸಿನಗುಡಿಯ ಲಾಡ್ಜಿನ ಸುರೇಂದ್ರನ್ನಿಗೆ ಎದುರು ಕಂಪನಿಯ ಗಾಡಿಯನ್ನು ಹೊಗಳಿ ಹೊಗಳಿ ಅಲ್ಲಿಗೇ ಕಳಿಸಿದ. ಸುರೇಂದ್ರನ್, ನಿನಗೆ ತಲೆ ಕೆಟ್ಟಿದೆಯಾ ಎಂದು ಕೇಳಿಯೇ ಹೋದ. ನಂಜನಾಡಿನ ಮಹಾಲಿಂಗಂ ಕ್ಯಾರೆಟ್ಟಿನ ಲಾರಿ ಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಬಾಯಿಗೆ ಬಂದ ಹಾಗೆ ಬೈದು, ಕೊನೆಗೆ ನಡುವಿನ ಮಾಡೆಲ್ಲಿಗೆ ಒಪ್ಪಿಕೊಂಡ. ಬೈಗುಳ ತಿಂದು ಬಂದ ದಿನ ನಂಜುಂಡೇಶನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು, ಒಂದು ಕಡಿಮೆಯಾಯಿತಲ್ಲ ಎಂದು. ಬೇಸಿಗೆ ಮುಗಿಯುವ ಹೊತ್ತಿಗೆ ಉಳಿದದ್ದು ಒಂದೇ ಹೆಸರು. ಸೋಲೂರಿನಾಚೆಯ ಹಟ್ಟಿಯ ಚನ್ನಾಜಮ್ಮ.

ಈ ಚನ್ನಾಜಮ್ಮ ಬೈಯುವವಳಾಗಿದ್ದರೆ ನಂಜುಂಡೇಶ ಬಚಾವಾಗುತ್ತಿದ್ದ. ಆಕೆ ಬೈಯುವುದೇ ಇಲ್ಲ. ಗಂಡ ಹೋದ ಮೇಲೆ ಟೀ ತೋಟ, ಬೆಳ್ಳುಳ್ಳಿ ಹೊಲ ಎರಡನ್ನೂ ತಾನೇ ನಿಂತು ನೋಡಿದ ಹೆಂಗಸು. ಮನೆಯಲ್ಲಿ ಮಗ ರಂಗ, ಸೊಸೆ ಕಮಲಂ. ಇವರ ಹಟ್ಟಿಗೆ ಹೋಗುವ ದಾರಿಯ ಕೊನೆಯಲ್ಲಿ ಒಂದು ಏರು ಇದೆ. ಹಳೇ ಜೀಪು ಆಳು ತುಂಬಿಕೊಂಡು ಆ ಏರು ಹತ್ತಿದ್ದೇ ಇಲ್ಲ. ಎಲ್ಲರೂ ಇಳಿಯಬೇಕು, ಗಂಡಸರು ತಳ್ಳಬೇಕು, ಹೆಂಗಸರು ಹಿಂದೆ ನಡೆಯಬೇಕು. ಕಮಲಂ ಹೆರಿಗೆಗೆ ಊಟಿಗೆ ಹೋಗಿ, ಹಸಿ ಬಾಣಂತಿಯಾಗಿ ಮಳೆಯಲ್ಲಿ ವಾಪಸು ಬಂದಾಗಲೂ ಹಾಗೆಯೇ ಆಯಿತು. ಕೂಸನ್ನು ಎದೆಗೊತ್ತಿಕೊಂಡು, ಕಾಲು ನಡುಗುತ್ತ, ಆ ಹುಡುಗಿ ಕೆಸರಿನ ಏರು ಹತ್ತುವುದನ್ನು ಚನ್ನಾಜಮ್ಮ ಹಿಂದಿನಿಂದ ನೋಡುತ್ತ ನಡೆದಳು. ಅವತ್ತೇ ನಿಶ್ಚಯ ಮಾಡಿದಳು. ಯಾರೂ ಇಳಿಯದೆ ಏರು ಹತ್ತುವ ಗಾಡಿ ತನ್ನ ಮನೆಗೆ ಬರಬೇಕು. ಬೆಳ್ಳುಳ್ಳಿಗೆ ಒಳ್ಳೆ ರೇಟು ಸಿಕ್ಕ ವರ್ಷ ಬಂದು ಬುಕ್ ಮಾಡಿ ಹೋದಳು.

ಆಮೇಲೆ ನಂಜುಂಡೇಶ ಎಷ್ಟು ಸಲ ಹೋದನೋ. ಹೋದಾಗಲೆಲ್ಲ ಅವರೆಕಾಳಿನ ಸಾರು, ಬಿಸಿ ಅನ್ನ, ಕುಡಿಯಲು ಟೀ. ಗಾಡಿಯ ಮಾತನ್ನು ಆಕೆ ಎತ್ತುವುದೇ ಇಲ್ಲ. ಇವನೇ ಎತ್ತಿ, ತಡವಾಗುತ್ತದೆ ಎಂದರೆ ತಡವಾಗಲಿ ಎನ್ನುವುದು. ಬರದೇ ಇರಬಹುದು ಎಂದರೆ, ನೀನು ತರದೆ ಇರುತ್ತೀಯಾ ಎಂದು ನಗುವುದು. ನಡುವಿನ ಮಾಡೆಲ್ಲು ಈಗಲೇ ಇದೆ ಎಂದರೆ, ಅದು ಆ ಏರು ಹತ್ತುತ್ತದೆಯೇ ಎಂದು ಕೇಳುವುದು. ಹತ್ತುತ್ತದೆ ಎಂದು ಸುಳ್ಳು ಹೇಳಬಹುದಿತ್ತು. ಮಹಾಲಿಂಗಂಗೆ ಹೇಳಿರಲಿಲ್ಲವೇ! ಈ ಹೆಂಗಸಿನ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಅವಳ ನಂಬಿಕೆ ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಮೇ ಕೊನೆಯ ಸೋಮವಾರ ಗಟ್ಟಿ ಮನಸ್ಸು ಮಾಡಿದ. ಇವತ್ತು ಏನಾದರಾಗಲಿ, ಬುಕಿಂಗ್ ರದ್ದು ಮಾಡುವ ಕಾಗದಕ್ಕೆ ಆಕೆಯ ಸಹಿ ಹಾಕಿಸಿಕೊಂಡೇ ಬರುವುದು. ಹೊರಟರೆ ಬ್ರಾಂಚಿನ ಬೈಕು ಮೆಕ್ಯಾನಿಕ್ಕಿನ ಹತ್ತಿರ. ಶೋರೂಮಿನ ಕೆಂಪು ಗಾಡಿಯನ್ನು ವಾರಕ್ಕೊಮ್ಮೆ ಓಡಿಸದಿದ್ದರೆ ಬ್ಯಾಟರಿ ಕೂರುತ್ತದೆ, ಅದನ್ನೇ ತೆಗೆದುಕೊಂಡು ಹೋಗಿ ಎಂದಳು ಪುಷ್ಪಾ. ಈ ಬುದ್ಧಿವಂತನೂ ಹೂಂ ಎಂದ. ಅಲ್ಲ, ಹಸಿದವರ ಮನೆಗೆ ಅಡುಗೆಯಿಲ್ಲ ಎಂದು ಹೇಳಲು ಹೋಗುವವನು ತುಂಬಿದ ಪಾತ್ರೆ ಹೊತ್ತುಕೊಂಡು ಹೋಗುತ್ತಾನೆಯೇ? ಅದೂ ಸೋಮವಾರ, ಬಡಗರಿಗೆ ಶುಭವಾದ ವಾರ. ಸೋಲೂರಿನ ಬಸ್‌ಸ್ಟಾಪಿನಲ್ಲಿ ನಿಲ್ಲಿಸಿ ನಡೆದು ಹೋಗುವುದಾದರೂ ಅವನಿಗೆ ಹೊಳೆಯಬಾರದಿತ್ತೇ!

ಹೊಳೆಯಲಿಲ್ಲ. ಗಾಡಿ ಹಟ್ಟಿಯ ಕೆಳಗಿನ ತಿರುವಿಗೆ ಬಂದಾಗಲೇ ಮಕ್ಕಳು ಕಂಡುಬಿಟ್ಟವು. ಕೂಗುತ್ತ ಹಿಂದೆ ಓಡಿ ಬಂದವು. ಅಂಗಳಕ್ಕೆ ಬಂದು ಇಂಜಿನ್ನು ಆರಿಸುವಷ್ಟರಲ್ಲಿ ಎಲ್ಲ ಬಾಗಿಲುಗಳಿಂದ ಜನ ಹೊರಗೆ ಬಂದಿದ್ದರು. ಚನ್ನಾಜಮ್ಮ ಬಿಳಿ ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಗಾಡಿಯನ್ನು ನೋಡಿದಳು, ಇವನನ್ನು ನೋಡಿದಳು, ಸರ್ರನೆ ಒಳಗೆ ಹೋದಳು. ನಂಜುಂಡೇಶ ಕೆಳಗಿಳಿದು, ಇದು ತೋರಿಸುವ ಗಾಡಿ ಎಂದು ಹೇಳಬೇಕೆಂದು ಬಾಯಿ ತೆರೆದ. ಆಕೆ ವಿಭೂತಿ, ಹಾಲಿನ ಚೊಂಬು ಹಿಡಿದು ಆಗಲೇ ಹೊರಗೆ ಬಂದಿದ್ದಳು.

ಹೊಸದು ಏನೇ ಮನೆಗೆ ಬರಲಿ, ಹಸುವಾಗಲಿ ಸೊಸೆಯಾಗಲಿ, ಹಟ್ಟಿಯವರು ಅದನ್ನು ಎದುರುಗೊಂಡು ಒಳಗೆ ಕರೆದುಕೊಳ್ಳುತ್ತಾರೆ. ಒಮ್ಮೆ ಕರೆದುಕೊಂಡರೆ ಅದು ಆ ಮನೆಯದು. ಕೆಂಪು ಬಾನೆಟ್ಟಿಗೆ ವಿಭೂತಿ ಬಿತ್ತು, ಚಕ್ರಗಳಿಗೆ ಹಾಲು ಬಿತ್ತು. ಚನ್ನಾಜಮ್ಮನ ಗಂಡನ ಅಣ್ಣ ಕಾಳಯ್ಯ, ಹಟ್ಟಿಗೆಲ್ಲ ಹಿರಿಯ, ಮುಂಡಾಸು ಸರಿಮಾಡಿಕೊಂಡು ಮುಂದೆ ಬಂದ. ಹಿರಿಯರು ಎದುರಿಗೆ ಬಂದರೆ ಕಿರಿಯರು ತಲೆಬಾಗುವುದು ಅಲ್ಲಿನ ರೂಢಿ. ವರ್ಷಗಳ ಅಭ್ಯಾಸದಿಂದ ನಂಜುಂಡೇಶನ ತಲೆಯೂ ತಾನಾಗಿ ಬಾಗಿತು. ಕಾಳಯ್ಯ ಅವನ ನೆತ್ತಿಯ ಮೇಲೆ ಅಂಗೈ ಇಟ್ಟು, ಒಂದು ಹೋಗಿ ಸಾವಿರ ಆಗಲಿ ಎಂದು ಉದ್ದಕ್ಕೆ ಹರಸಿದ. ಆ ಕೈಯ ಕೆಳಗೆ ತಲೆ ತಗ್ಗಿಸಿ ನಿಂತವನು ಹೇಗೆ ತಾನೆ ಹೇಳುತ್ತಾನೆ, ಅಯ್ಯಾ ಇದು ನಿಮ್ಮದಲ್ಲ ಎಂದು?

ಆದರೂ ಇನ್ನೊಂದು ಅವಕಾಶವಿದೆ ಅಂದುಕೊಂಡ. ಜನ ಚದುರಲಿ, ಒಳಗೆ ಕೂತು ಚನ್ನಾಜಮ್ಮನಿಗೆ ಮೆಲ್ಲಗೆ ಹೇಳೋಣ. ಅಷ್ಟರಲ್ಲಿ ರಂಗ ಬೀಗದ ಕೈ ಕೇಳಿ ಇಸಿದುಕೊಂಡಿದ್ದ. ಮನೆಯವರೆಲ್ಲ ಹತ್ತಿದರು, ಮುಂದೆ ಕಾಳಯ್ಯ, ಹಿಂದೆ ಚನ್ನಾಜಮ್ಮ, ಕೂಸನ್ನೆತ್ತಿಕೊಂಡ ಕಮಲಂ, ಅವಳ ಪಕ್ಕದಲ್ಲಿ ಒತ್ತಿಕೊಂಡು ಇನ್ನಿಬ್ಬರು. ಕೆಳಗಿನ ತಿರುವಿನ ತನಕ ಇಳಿದುಹೋಗಿ ಗಾಡಿ ತಿರುಗಿತು. ಹಟ್ಟಿ ಪೂರ್ತಿ ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿತ್ತು. ನಂಜುಂಡೇಶನೂ ನಿಂತಿದ್ದ. ಏರಿನ ಬುಡದಲ್ಲಿ, ಎಲ್ಲರೂ ಇಳಿಯುತ್ತಿದ್ದ ಜಾಗದಲ್ಲಿ, ಗಾಡಿ ಒಂದು ಕ್ಷಣ ನಿಧಾನವಾಯಿತು. ಆಮೇಲೆ ಒಂದು ಸಿಳ್ಳೆಯ ಸದ್ದು ಮಾಡಿಕೊಂಡು, ಉಸಿರು ಕಟ್ಟದೆ, ನೇರ ಮೇಲೆ ಬಂದು ನಿಂತಿತು.

ಚನ್ನಾಜಮ್ಮ ಇಳಿದು ಬಂದು ಇವನ ಎರಡೂ ಕೈ ಹಿಡಿದುಕೊಂಡಳು.

“ಆರೂ ಇಳಿಲೆ ತಮ್ಮಾ,” ಎಂದಳು. “ಒಬ್ಬರೂ ಇಳಿಲೆ.”

ನಂಜುಂಡೇಶ ಜೇಬಿನಲ್ಲಿದ್ದ ಕಾಗದವನ್ನು ಅಲ್ಲೇ ಮುದುರಿದ. ಗಾಡಿ ಸ್ವಲ್ಪ ಓಡಿದ್ದು ಕಣಮ್ಮ, ಮೀಟರು ನೋಡಿ ಬೇಜಾರು ಮಾಡ್ಕಬೇಡಿ ಎಂದಷ್ಟೇ ಹೇಳಿದ. ಓಡಲಿಕ್ಕೆ ತಾನೆ ಗಾಡಿ ಇರುವುದು ಎಂದು ಆಕೆ ನಕ್ಕಳು. ಎಣ್ಣೆಹಿಟ್ಟು ಕರಿದು ಕೊಟ್ಟರು, ತಿಂದ. ನೋಂದಣಿಯಾಗುವ ತನಕ ರಸ್ತೆಗೆ ಇಳಿಸಬೇಡ ಎಂದು ರಂಗನಿಗೆ ಎರಡೆರಡು ಸಲ ಹೇಳಿ, ಬೀಗದ ಕೈ ಅವನ ಹತ್ತಿರವೇ ಬಿಟ್ಟು, ಬಸ್ಸಿಗೆ ಊಟಿಗೆ ಬಂದ.

ಬಸ್ಸಿನಲ್ಲಿ ಕೂತ ಮೇಲೆ ಭಯ ಹತ್ತಿಕೊಂಡಿತು. ಮಾರಬಾರದ ಗಾಡಿಯನ್ನು ಕೊಟ್ಟು ಬಂದಿದ್ದೇನೆ, ಮುದಲಾಳಿ ಕೆಲಸದಿಂದ ಕಿತ್ತೆಸೆಯುತ್ತಾನೆ, ಸರ್ಟಿಫಿಕೇಟು ಬೀರುವಿನಲ್ಲೇ ಕೊಳೆಯುತ್ತದೆ ಎಂದು ಏನೇನೋ ಯೋಚಿಸಿದ. ಫೋನಿನಲ್ಲಿ ಹೇಳಿದಾಗ ರಾಜೇಂದ್ರನ್ ಕಿರುಚಾಡಿದ್ದೂ ನಿಜವೇ. ಮೇಜಿನಾಚೆ ಕೂತಿದ್ದ ಪುಷ್ಪಾಗೂ ಕೇಳಿಸುವಷ್ಟು ಬೈದ. ಬೈದು ಸುಸ್ತಾದ ಮೇಲೆ ವ್ಯಾಪಾರಿಯ ತಲೆ ಓಡಿತು. ಅದು ಹೇಗೂ ವರ್ಷ ಹಳೆಯದಾಗುತ್ತಿದ್ದ ಗಾಡಿ, ಮುಂದೆ ಯಾರೂ ಮುಟ್ಟುತ್ತಿರಲಿಲ್ಲ, ಪೂರ್ತಿ ಬೆಲೆಗೆ ಹೋಗಿದೆ. ಹಾಗಾದರೆ ಬುಕಿಂಗು ಎಷ್ಟು ಬಾಕಿ ಎಂದು ಕೇಳಿದ. ಒಂದೂ ಇಲ್ಲ ಮುದಲಾಳಿ ಎಂದು ನಂಜುಂಡೇಶ ಹೇಳಿದ.

ಸರಿ, ಮಾತೆಂದರೆ ಮಾತು, ಈ ವಾರ ಮುಗಿಸಿಕೊಂಡು ಭಾನುವಾರ ಹೊರಡು, ಸೋಮವಾರ ಮೈಸೂರಿನಲ್ಲಿರು ಎಂದುಬಿಟ್ಟ ರಾಜೇಂದ್ರನ್.

ಅಬ್ಬಾ, ಆ ವಾರದ ಅವನ ಸಡಗರ! ಚನ್ನಾಜಮ್ಮನಿಂದ ಬಾಕಿ ಹಣ ಕಟ್ಟಿಸಿ, ಗಾಡಿಯ ನೋಂದಣಿಗೆ ತಾನೇ ಓಡಾಡಿ ಮುಗಿಸಿದ. ಕಮರ್ಷಿಯಲ್ ರೋಡಿನ ನಟ್ಟನಡುವೆ, ಮಫ್ಲರು ಹೆಗಲಿಗೆ ಹಾಕಿಕೊಂಡು, ಸಿಕ್ಕಸಿಕ್ಕವರಿಗೆ ತಾನೇ ಕೈಯೆತ್ತಿ ನಡೆದ. ವೀಣಾಗೆ ದಿನಕ್ಕೆ ಮೂರು ಸಲ ಫೋನು. ಮನೆ ಮೈಸೂರಿನ ಯಾವ ಕಡೆ ನೋಡುವುದು, ಅವಳಿಗೆ ನಂಜನಗೂಡಿಗೆ ಬಸ್ಸು ಎಲ್ಲಿ ಅನುಕೂಲ, ಚಿನ್ನಿಯನ್ನು ಯಾವ ಶಾಲೆಗೆ ಹಾಕುವುದು. ವೀಣಾ ಸಾಮಾನ್ಯವಾಗಿ ಆಸೆ ಪಡುವ ಹೆಂಗಸಲ್ಲ, ಪಟ್ಟು ಪಟ್ಟು ಸೋತವಳು. ಅವಳೂ ಈ ಸಲ ಒಂದು ದಿನ ರಜೆ ಹಾಕಿ ಹೋಗಿ ಮನೆ ನೋಡಿ ಬಂದಳು. ಚಿನ್ನಿಗೆ ಹೇಳಿಬಿಟ್ಟೆ, ಇನ್ನು ಹೇಳದೇ ಇರೋಕೆ ಆಗಲಿಲ್ಲ ಎಂದಳು. ಇವನು ಮಗಳಿಗೆಂದು ಊಟಿಯ ವರ್ಕಿ ಬಿಸ್ಕತ್ತಿನ ದೊಡ್ಡ ಪೊಟ್ಟಣ ಕಟ್ಟಿಸಿಟ್ಟುಕೊಂಡ.

ಶನಿವಾರ ಬೆಳಿಗ್ಗೆ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದಾಗ ಸೋಲೂರಿನ ಬಸ್ಸು ಬಂದು ಹೋದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಶೋರೂಮಿನ ಗಾಜಿನ ಬಾಗಿಲು ತಳ್ಳಿಕೊಂಡು ಚನ್ನಾಜಮ್ಮ ಬಂದಳು. ಅವಳ ಹಿಂದೆ ಕಾಳಯ್ಯ. ಅವನ ಹಿಂದೆ ಬಿಳಿ ಮುಂಡಾಸಿನ ಗಂಡಸರು ಒಬ್ಬರಾದ ಮೇಲೊಬ್ಬರು ಬಂದರು. ಸುತ್ತಲಿನ ಹಟ್ಟಿಗಳವರು. ಎಲ್ಲ ಗೊತ್ತಿದ್ದ ಮುಖಗಳೇ. ಇವರಿಗೆಲ್ಲ ಒಂದು ಕಾಲದಲ್ಲಿ ಗೊಬ್ಬರದ ಮೂಟೆ ಇಳಿಸಿದವನು ಅವನು. ಕುರ್ಚಿ ಸಾಲದೆ ಕೆಲವರು ಕೆಂಪು ಗಾಡಿ ನಿಂತಿದ್ದ ಖಾಲಿ ಜಾಗದಲ್ಲೇ ನಿಂತರು.

ವಿಷಯವನ್ನು ಕಾಳಯ್ಯ ಹೇಳಿದ. ಚನ್ನಾಜಮ್ಮನ ಗಾಡಿ ಏರು ಹತ್ತಿದ್ದನ್ನು ನೋಡಲು ವಾರವಿಡೀ ಹಟ್ಟಿ ಹಟ್ಟಿಯವರು ಬಂದರಂತೆ. ಬೇಕು ಎಲ್ಲರಿಗೂ. ಆದರೆ ಈ ಕಂಪನಿಯವರು ಬರೆಸಿಕೊಳ್ಳುತ್ತಾರೆ, ಕೊಡುವುದಿಲ್ಲ ಎಂದು ನಂಜನಾಡಿನ ಕಡೆಯಿಂದೆಲ್ಲ ಸುದ್ದಿ ಇದೆಯಲ್ಲ, ಅದಕ್ಕೆ ಹಿಂಜರಿದರಂತೆ. ಆಗ ಚನ್ನಾಜಮ್ಮ ಹತ್ತು ಜನರ ನಡುವೆ ಎದ್ದು ನಿಂತು ಮಾತು ಕೊಟ್ಟಳಂತೆ. ಹಟ್ಟಿಯಲ್ಲಿ ಹಿರಿಯ ಹೆಂಗಸು ಹಾಗೆ ನಿಂತು ಕೊಟ್ಟ ಮಾತು ಸಣ್ಣದಲ್ಲ. ಅದು ಸುಳ್ಳಾದರೆ ಆಮೇಲೆ ಅವಳು ಯಾವ ಮನೆಯ ಮದುವೆ ಮಾತಿಗೂ ಬಾಯಿ ಹಾಕುವಂತಿಲ್ಲ.

“ಈ ತಮ್ಮ ಇರೋ ತನಕ ಭಯ ಇಲ್ಲೆ ಅಂದೆ,” ಎಂದಳು ಚನ್ನಾಜಮ್ಮ. ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಹಿಂದೆ ನಿಂತಿದ್ದವರಲ್ಲಿ ಒಬ್ಬ, ಸ್ವಲ್ಪ ಅನುಮಾನದ ಮನುಷ್ಯ, ನೇರವಾಗಿ ಕೇಳಿದ. ನೀನು ಇಲ್ಲೇ ಇರುತ್ತೀಯಲ್ಲ? ಇದ್ದರೆ ಬರೆಸುತ್ತೇವೆ, ಇಲ್ಲದಿದ್ದರೆ ಮುಂದಿನ ಬಸ್ಸಿಗೇ ವಾಪಸು.

ಪುಷ್ಪಾ ಬಿಲ್ಲಿನ ಮೇಲಿದ್ದ ಕಣ್ಣೆತ್ತಿ ನಂಜುಂಡೇಶನನ್ನು ನೋಡಿದಳು. ಇಲ್ಲ, ನಾನು ನಾಳೆ ಹೊರಡುತ್ತಿದ್ದೇನೆ ಎಂದರೆ ಮುಗಿಯಿತು. ಅವರು ಎದ್ದು ಹೋಗುತ್ತಾರೆ, ಬುಕಿಂಗು ಇಲ್ಲ, ಮೈಸೂರು ಇದೆ. ಆದರೆ ಸೋಲೂರಿನ ತನಕ ಆ ಬಸ್ಸಿನಲ್ಲಿ ಚನ್ನಾಜಮ್ಮ ಇವರೆಲ್ಲರ ನಡುವೆ ಕೂತು ಹೋಗಬೇಕು. ಇನ್ನೊಂದು ನಿಜವೂ ಇತ್ತು. ಟರ್ಬೊ ಬರುವುದಿಲ್ಲ, ನಿಮಗೆ ಸಿಕ್ಕಿದ್ದು ಗಾಜಿನ ಹಿಂದೆ ನಿಲ್ಲಿಸಿದ್ದ ಗಾಡಿ ಎಂದು ಹೇಳಬಹುದಿತ್ತು. ಹಾಗೆಂದರೆ ಹಟ್ಟಿಗೆ ಹಟ್ಟಿಯೇ ವಿಭೂತಿ ಹಚ್ಚಿ ಹಾಲು ಹುಯ್ದದ್ದು ತೋರಿಕೆಗಿಟ್ಟ ಹಳೇ ಮಾಲಿಗೆ ಎಂದು ಆಕೆಯ ಮುಖಕ್ಕೆ ಹೇಳಿದಂತೆ. ಯಾವ ಕಡೆ ತಿರುಗಿದರೂ ಗೋಡೆ. ಈ ಮುದುಕಿಯ ಮೇಲೆ ಒಂದು ಗಳಿಗೆ ಸಿಟ್ಟೂ ಬಂತು. ಇವಳನ್ನು ಯಾರು ಕೇಳಿದ್ದರು ಮಾತು ಕೊಡು ಎಂದು?

“ಅಮ್ಮಾ, ನಾನು ಮನಗ ಹೋಗಬೇಕು ಕಣಮ್ಮ,” ಎಂದ. ಕೊನೆಗೆ ಬಾಯಿಂದ ಬಂದದ್ದು ಅಷ್ಟೆ.

ಚನ್ನಾಜಮ್ಮನ ಮುಖ ಮೆತ್ತಗಾಯಿತು. ಹತ್ತಿರ ಬಂದು ಅವನ ತೋಳು ಮುಟ್ಟಿದಳು.

“ಮನೆಗೆ ತಾನೆ? ಬೇಡ ಅಂದವರು ಆರು? ಹೋಗಿ ಕೂಸನ್ನ ನೋಡಿಕೊಂಡು ಬಾ. ನಾವು ಕಾದಿರ್ತೇವೆ. ಎಷ್ಟು ದಿನ ಆದರೂ ಕಾದಿರ್ತೇವೆ.”

ಕಾಳಯ್ಯ ತಲೆಯಾಡಿಸಿದ. ಅನುಮಾನದ ಮನುಷ್ಯನೂ ಸಮಾಧಾನವಾಗಿ ಮುಂದೆ ಬಂದು ಕುರ್ಚಿ ಎಳೆದುಕೊಂಡ. ನಂಜುಂಡೇಶ ಖಾಲಿ ಮಾಡಿದ್ದ ಡ್ರಾಯರನ್ನು ನೋಡಿದ, ಮೇಜಿನ ಮೇಲೆ ಹರಡಿದ್ದ ತನ್ನ ಸಾಮಾನು ನೋಡಿದ. ಪೆನ್ನು ಯಾವುದೋ ಡಬ್ಬದೊಳಗೆ ಸೇರಿಹೋಗಿತ್ತು. ಪುಷ್ಪಾ ತನ್ನ ಪೆನ್ನನ್ನು ಮೇಜಿನ ಮೇಲೆ ಇಟ್ಟು, ತಲೆ ತಗ್ಗಿಸಿಕೊಂಡಳು. ಅವನು ಕೂತು, ಹೆಸರು ಹೇಳಿ ಎಂದ.

ಮಧ್ಯಾಹ್ನದ ಬಸ್ಸಿಗೆ ಅವರೆಲ್ಲ ಹೋದ ಮೇಲೆ ರಾಜೇಂದ್ರನ್ನಿಗೆ ತಿಳಿಸಿದ. ಮುದಲಾಳಿಗೆ ಸಂತೋಷ ತಡೆಯಲಾಗಲಿಲ್ಲ. ಇಂಥವನನ್ನು ಬೆಟ್ಟದಿಂದ ಇಳಿಸಿ ನಾನೇನು ಮಾಡಲಿ, ಮೈಸೂರಿಗೆ ಇನ್ಯಾರನ್ನಾದರೂ ನೋಡುತ್ತೇನೆ ಎಂದು ಅವನೇ ಹೇಳಿದ. ಟರ್ಬೊ ಯಾವಾಗ ಬರುತ್ತದೆ ಎಂದು ನಂಜುಂಡೇಶ ಕೇಳಿದ. ಕೊಯಮತ್ತೂರಿನವರದೇ ಇನ್ನೂ ಮುಗಿದಿಲ್ಲ, ನೋಡೋಣ ಎಂದು ಫೋನಿಟ್ಟ.

ಸಂಜೆ ವೀಣಾಗೆ ಫೋನು ಮಾಡಿದ. ಹಿಂದೆ ಚಿನ್ನಿ ಯಾರಿಗೋ ಜೋರಾಗಿ, ನಾಳೆ ನಮ್ಮಪ್ಪ ಬರ್ತಾರೆ ಎನ್ನುತ್ತಿದ್ದದ್ದು ಕೇಳಿಸಿತು. ನಂಜುಂಡೇಶ ನಡೆದದ್ದನ್ನು ಮೊದಲಿನಿಂದ ಹೇಳಿದ. ಬಸ್ಸು ಬಂದದ್ದು, ಅವರು ನಿಂತದ್ದು, ಚನ್ನಾಜಮ್ಮ ಮಾತು ಕೊಟ್ಟದ್ದು, ತಾನು ಏನು ಹೇಳಬೇಕೆಂದಿದ್ದು, ಏನು ಹೇಳಿದ್ದು. ವೀಣಾ ಕೊನೆಯ ತನಕ ಕೇಳಿದಳು, ಅಳಲಿಲ್ಲ.

“ಅವರಿಗೆ ಒಂದು ಸಲ ಇಲ್ಲ ಅನ್ನೋಕೆ ನಿಮಗೆ ನಾಲಿಗೆ ಬರಲಿಲ್ಲ,” ಎಂದಳು. “ನಮಗೆ ವಾರ ವಾರ ಹೇಳ್ತೀರಲ್ಲ, ಅದು ಹೇಗೆ ಬರುತ್ತೆ?”

ನಂಜುಂಡೇಶ ಕಟ್ಟಿಸಿಟ್ಟಿದ್ದ ವರ್ಕಿಯ ಪೊಟ್ಟಣವನ್ನು ಹತ್ತಿರಕ್ಕೆ ಎಳೆದುಕೊಂಡ. ಫೋನನ್ನು ಕಿವಿಗೆ ಹಿಡಿದೇ ಕೂತಿದ್ದ. ಆ ಕಡೆ ಅವಳೂ ಇಟ್ಟಿರಲಿಲ್ಲ.